ಪೋಕೆಮಾನ್ ಆಟದಲ್ಲಿ ವಂಶಗುಣವೂ ತಳಿಸಾಧನೆಯೂ

ಪಶುಗಳ ತಳಿಯನ್ನು ಉತ್ತಮಪಡಿಸುವ ವಿದ್ಯೆ ಬೇಸಾಯದಷ್ಟೇ ಹಳೆಯದು. ಅದರ ಶಾಸ್ತ್ರವಾದರೋ ಬಹಳ ಈಚಿನದು. ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದ ಡಿಷ್ಲಿ ಎಂಬಲ್ಲಿ ರಾಬರ್ಟ್ ಬೇಕ್‌ವೆಲ್ಲನು (೧೭೨೫–೧೭೯೫) ಕುರಿಗಳ ಹೊಸ ತಳಿಯೊಂದನ್ನು ಸಿದ್ಧಪಡಿಸಿದಾಗ, ಆನುವಂಶಿಕತೆಯ ನಿಯಮಗಳು ಅವನಿಗೂ ತಿಳಿದಿರಲಿಲ್ಲ, ಅವನ ಕಾಲದ ಪಂಡಿತರಿಗೂ ತಿಳಿದಿರಲಿಲ್ಲ. ಆ ನಿಯಮಗಳನ್ನು ಗ್ರೆಗೋರ್ ಮೆಂಡೆಲನು ೧೮೬೫ರಲ್ಲಿ ವಿವರಿಸಿದನು. ವಿದ್ವಲ್ಲೋಕ ಅದರ ಬೆಲೆಯನ್ನು ಅರಿತದ್ದು ೧೯೦೦ರಲ್ಲಿ. ಕಾಣದ ನಿಯಮವೊಂದನ್ನು ಕೈಬಳಕೆಯಿಂದಲೇ ಅನುಸರಿಸಿ ಫಲವನ್ನು ಪಡೆಯುವುದು, ಅನಂತರ ನಿಧಾನವಾಗಿ ನಿಯಮವನ್ನು ಕಂಡುಕೊಳ್ಳುವುದು — ಇದು ಪಶುಪಾಲನೆಯ ಚರಿತ್ರೆ ನಡೆದು ಬಂದ ಕ್ರಮ. ಇದೇ ಕ್ರಮ ನಮ್ಮ ಕಾಲದಲ್ಲಿ, ಕೇವಲ ಕಾಲು ಶತಮಾನದೊಳಗೆ, ಜಪಾನಿನಲ್ಲಿ ಹುಟ್ಟಿದ ಪೋಕೆಮಾನ್ ಎಂಬ ವಿಡಿಯೋ ಆಟದ ಆವರಣದಲ್ಲಿ ಮತ್ತೊಮ್ಮೆ ನಡೆದುಹೋಗಿದೆ. ಕೊಟ್ಟಿಗೆಯಿಲ್ಲದೆ, ಮೇವಿಲ್ಲದೆ, ಪ್ರಾಣಿಯೇ ಇಲ್ಲದೆ, ಲಕ್ಷಾಂತರ ಮಂದಿ ತಳಿಸಾಧಕರಾಗಿದ್ದಾರೆ.

ಇದನ್ನು ಕುರಿತು ಇತಿಹಾಸದ ಅಧ್ಯಾಪಕನು ಬರೆಯುವುದು ಉಚಿತವೇ ಎಂದು ಕೇಳುವವರು ಇರಬಹುದು. ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ವಂಶಗುಣವೆಂಬ ಕಲ್ಪನೆ ಮೊದಲು ಪರಿಚಯವಾದದ್ದು ಜೀವಶಾಸ್ತ್ರದ ಪಾಠದಿಂದಲ್ಲ, ಈ ಆಟದಿಂದ. ಹುಟ್ಟು ಎಷ್ಟನ್ನು ನಿರ್ಧರಿಸುತ್ತದೆ, ಶಿಕ್ಷಣ ಎಷ್ಟನ್ನು ನಿರ್ಧರಿಸುತ್ತದೆ ಎಂಬ ಪ್ರಶ್ನೆಗೆ ಅದು ಅಂಕಿಗಳಲ್ಲಿ ಒಂದು ಉತ್ತರವನ್ನು ಕೊಡುತ್ತದೆ. ಹುಟ್ಟಿನ ಹೆಸರಿನಲ್ಲಿ ನಡೆದ ಅನ್ಯಾಯಗಳ ಚರಿತ್ರೆಯನ್ನು ಬೋಧಿಸಬೇಕಾದವರು ಆ ಉತ್ತರವನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ.

ಆಟವನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. ೧೯೯೬ರ ಫೆಬ್ರವರಿ ೨೭ರಂದು ನಿಂಟೆಂಡೊ ಸಂಸ್ಥೆಯ 'ಗೇಮ್ ಬಾಯ್' ಎಂಬ ಕೈಯಂತ್ರಕ್ಕಾಗಿ 'ಕೆಂಪು', 'ಹಸಿರು' ಎಂಬ ಎರಡು ಆವೃತ್ತಿಗಳು ಜಪಾನಿನಲ್ಲಿ ಹೊರಬಂದವು. ರಚಿಸಿದ್ದು ಗೇಮ್ ಫ್ರೀಕ್ ಎಂಬ ಸಂಸ್ಥೆ. ಮೂಲ ಕಲ್ಪನೆ ಸತೋಶಿ ತಾಜಿರಿ ಅವರದು. ಬಾಲ್ಯದಲ್ಲಿ ಅವರಿಗೆ ಕೀಟಗಳನ್ನು ಹಿಡಿದು ಕೂಡಿಡುವ ಹವ್ಯಾಸವಿತ್ತು. ಆಟಗಾರನು ಕಾಡುಮೇಡುಗಳಲ್ಲಿ ಅಲೆದು ವಿಚಿತ್ರಜೀವಿಗಳನ್ನು ಹಿಡಿಯುತ್ತಾನೆ, ಪಳಗಿಸುತ್ತಾನೆ, ಇತರರ ಜೀವಿಗಳೊಡನೆ ಕಾದಾಡಿಸುತ್ತಾನೆ, ಗೆಳೆಯರೊಡನೆ ವಿನಿಮಯ ಮಾಡಿಕೊಳ್ಳುತ್ತಾನೆ. ನಮ್ಮ ದೇಶದಲ್ಲಿ ೨೦೧೬ರ ಡಿಸೆಂಬರಿನಲ್ಲಿ ಬಿಡುಗಡೆಯಾದ 'ಪೋಕೆಮಾನ್ ಗೋ' ಎಂಬ ಮೊಬೈಲ್ ಆಟದಿಂದ ಈ ಹೆಸರನ್ನು ಕೇಳಿದವರು ಹೆಚ್ಚು. ಅದರಲ್ಲಿಯೂ ಮೊಟ್ಟೆಗಳಿವೆ; ಆದರೆ ಅವಕ್ಕೆ ತಾಯಿತಂದೆಗಳಿಲ್ಲ. ಆದಕಾರಣ ಅದು ನಮ್ಮ ವಿಷಯಕ್ಕೆ ಹೊರಗು.

ಒಂದೇ ಜಾತಿಯ, ಒಂದೇ ಮಟ್ಟಕ್ಕೆ ಬೆಳೆದ ಎರಡು ಜೀವಿಗಳು ಈ ಆಟದಲ್ಲಿ ಸಮಬಲವಾಗಿರುವುದಿಲ್ಲ. ಹುಟ್ಟುವಾಗಲೇ ಪ್ರತಿಯೊಂದಕ್ಕೂ ಕೆಲವು ಗುಪ್ತ ಅಂಕಿಗಳು ದತ್ತವಾಗಿರುತ್ತವೆ. ಮೊದಲ ಆವೃತ್ತಿಗಳಲ್ಲಿ ಆಕ್ರಮಣ, ರಕ್ಷಣೆ, ವೇಗ, 'ವಿಶೇಷ' ಎಂಬ ನಾಲ್ಕು ಗುಣಗಳಿಗೆ ಸೊನ್ನೆಯಿಂದ ೧೫ರವರೆಗೆ ಒಂದೊಂದು ಅಂಕಿ ಇತ್ತು. ಪ್ರಾಣಬಲದ ಅಂಕಿಯನ್ನು ಈ ನಾಲ್ಕರಿಂದಲೇ ಹೊಂದಿಸಿಕೊಳ್ಳುತ್ತಿದ್ದರು. ೨೦೦೨ರ ನವೆಂಬರಿನಲ್ಲಿ ಬಂದ 'ರೂಬಿ', 'ಸಫೈರ್' ಆವೃತ್ತಿಗಳಿಂದ ಮುಂದಕ್ಕೆ ಗುಣಗಳು ಆರಾದವು — ಪ್ರಾಣಬಲ, ಆಕ್ರಮಣ, ರಕ್ಷಣೆ, ವಿಶೇಷ ಆಕ್ರಮಣ, ವಿಶೇಷ ರಕ್ಷಣೆ, ವೇಗ. ಅಂಕಿಯ ವ್ಯಾಪ್ತಿ ಸೊನ್ನೆಯಿಂದ ೩೧ರವರೆಗೆ ಹಿಗ್ಗಿತು. ಮೂವತ್ತೊಂದಕ್ಕೇ ಏಕೆ ನಿಲ್ಲಬೇಕು? ದ್ವಿಮಾನ ಪದ್ಧತಿಯಲ್ಲಿ ಐದು ಸ್ಥಾನಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಅದು. ಆರು ಗುಣಗಳಿಗೆ ಮೂವತ್ತು ಸ್ಥಾನಗಳು ಸಾಕು, ಯಂತ್ರದ ಮೂವತ್ತೆರಡು ಸ್ಥಾನದ ಒಂದು ಪದದಲ್ಲಿ ಅವೆಲ್ಲವೂ ಅಡಗುತ್ತವೆ. ವಂಶಗುಣದ ಪರಮಾವಧಿಯನ್ನು ನಿರ್ಧರಿಸಿದ್ದು ಪ್ರಕೃತಿಯಲ್ಲ, ಸ್ಮೃತಿಕೋಶದ ಇಕ್ಕಟ್ಟು.

ಜಪಾನಿನ ಆಟಗಾರರು ಬಳಸುವ ಪರಿಭಾಷೆ ಗಮನಾರ್ಹವಾಗಿದೆ. ಒಂದು ಜಾತಿಗೆಲ್ಲ ಸಾಮಾನ್ಯವಾದ ಅಂಕಿಗೆ ಅವರು 'ಶುಝೊಕುಚಿ' ಎನ್ನುತ್ತಾರೆ, ಕುಲಮೌಲ್ಯವೆಂದು ಹೇಳಬಹುದು. ಪ್ರತಿ ಜೀವಿಗೂ ಹುಟ್ಟಿನಿಂದ ಬಂದ ಅಂಕಿ 'ಕೊತೈಚಿ', ಎಂದರೆ ವ್ಯಕ್ತಿಮೌಲ್ಯ. ಕಾದಾಟಗಳಿಂದ ಗಳಿಸಿಕೊಂಡದ್ದು 'ದೊರ್ಯೊಕುಚಿ', ಪರಿಶ್ರಮಮೌಲ್ಯ. ಇವುಗಳ ಜೊತೆಗೆ ೨೦೦೨ರಿಂದ ಸ್ವಭಾವವೆಂಬ ನಾಲ್ಕನೆಯ ಅಂಶವೂ ಸೇರಿತು. ಇಪ್ಪತ್ತೈದು ಸ್ವಭಾವಗಳಲ್ಲಿ ಇಪ್ಪತ್ತು ಸ್ವಭಾವಗಳು ಒಂದು ಗುಣವನ್ನು ನೂರಕ್ಕೆ ಹತ್ತರಷ್ಟು ಏರಿಸಿ ಮತ್ತೊಂದನ್ನು ಅಷ್ಟೇ ಇಳಿಸುತ್ತವೆ. ಉಳಿದ ಐದು ನಿರ್ಗುಣ.

ಲೆಕ್ಕದ ಕ್ರಮ ಹೀಗೆ: ಕುಲಮೌಲ್ಯದ ಎರಡರಷ್ಟಕ್ಕೆ ವ್ಯಕ್ತಿಮೌಲ್ಯವನ್ನೂ ಪರಿಶ್ರಮಮೌಲ್ಯದ ನಾಲ್ಕನೆಯ ಒಂದು ಪಾಲನ್ನೂ ಕೂಡಿಸಿ, ಮಟ್ಟದಿಂದ ಗುಣಿಸಿ, ನೂರರಿಂದ ಭಾಗಿಸಿ, ಐದನ್ನು ಸೇರಿಸಬೇಕು, ಕೊನೆಗೆ ಸ್ವಭಾವದ ಏರಿಳಿತವನ್ನು ಅನ್ವಯಿಸಬೇಕು, ಭಿನ್ನರಾಶಿಗಳನ್ನು ಆಗಾಗಲೇ ಕೈಬಿಡಬೇಕು. ಪ್ರಾಣಬಲಕ್ಕೆ ಮಾತ್ರ ಸೂತ್ರ ಸ್ವಲ್ಪ ಬೇರೆ. ೨೦೦೬ರಲ್ಲಿ ಮೊದಲು ಕಾಣಿಸಿಕೊಂಡ ಗಾರ್ಚಾಂಪ್ ಎಂಬ ಜೀವಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅದರ ವೇಗದ ಕುಲಮೌಲ್ಯ ೧೦೨. ಪಂದ್ಯಗಳು ನಡೆಯುವ ಐವತ್ತನೆಯ ಮಟ್ಟದಲ್ಲಿ, ವೇಗಕ್ಕೆ ಅನುಕೂಲವಾದ ಸ್ವಭಾವವೂ ಪೂರ್ಣ ಪರಿಶ್ರಮವೂ ೩೧ರ ವ್ಯಕ್ತಿಮೌಲ್ಯವೂ ಇದ್ದರೆ ಅದರ ವೇಗ ೧೬೯ ಆಗುತ್ತದೆ. ವ್ಯಕ್ತಿಮೌಲ್ಯ ೩೦ ಆಗಿದ್ದರೆ ೧೬೮. ಒಂದು ಅಂಕಿಯ ವ್ಯತ್ಯಾಸವೇನು ಮಹಾ ಎಂದು ಹೊರಗಿನವರಿಗೆ ತೋರಬಹುದು. ಆದರೆ ಈ ಆಟದಲ್ಲಿ ವೇಗ ಹೆಚ್ಚಿರುವ ಜೀವಿ ಮೊದಲು ಹೊಡೆಯುತ್ತದೆ. ಎರಡು ಕಡೆಯೂ ೧೬೯ ಇದ್ದರೆ ಯಾರು ಮೊದಲೆಂಬುದು ನಾಣ್ಯ ಚಿಮ್ಮಿದಂತೆ. ಒಂದು ಕಡೆ ೧೬೮ ಇದ್ದರೆ ಅದು ಪ್ರತಿ ಸಲವೂ ಎರಡನೆಯದು, ಬಹುಶಃ ಏಟು ತಿಂದು ಬಿದ್ದುಹೋಗುವುದರಿಂದ ಅದಕ್ಕೆ ಸರದಿಯೇ ಬಾರದು. ತಳಿಸಾಧನೆಯ ಹುಚ್ಚಿಗೆ ಮೂಲ ಇಲ್ಲಿದೆ.

ಇದೇ ಲೆಕ್ಕವನ್ನು ಇನ್ನೊಂದು ದಿಕ್ಕಿನಿಂದ ಮಾಡಿ ನೋಡಬೇಕು; ಆಟಗಾರರು ಸಾಮಾನ್ಯವಾಗಿ ನೋಡುವುದಿಲ್ಲ. ಮೇಲಿನ ಗಾರ್ಚಾಂಪಿಗೆ ಪೂರ್ಣ ಪರಿಶ್ರಮವಿದ್ದು ವ್ಯಕ್ತಿಮೌಲ್ಯ ಸೊನ್ನೆಯಾದರೆ ವೇಗ ೧೫೧. ವ್ಯಕ್ತಿಮೌಲ್ಯ ೩೧ ಇದ್ದು ಪರಿಶ್ರಮ ಸೊನ್ನೆಯಾದರೆ ೧೩೪. ಎಂದರೆ, ಹುಟ್ಟಿನ ಕೊರತೆಯಿಂದ ಆಗುವ ನಷ್ಟ ೧೮. ಶಿಕ್ಷಣದ ಕೊರತೆಯಿಂದ ಆಗುವ ನಷ್ಟ ೩೫, ಸರಿಸುಮಾರು ಇಮ್ಮಡಿ. ಸೂತ್ರದಲ್ಲಿಯೇ ಇದು ಅಡಕವಾಗಿದೆ: ನೂರನೆಯ ಮಟ್ಟದಲ್ಲಿ ವಂಶ ಕೊಡಬಲ್ಲದ್ದು ಹೆಚ್ಚೆಂದರೆ ೩೧, ಪರಿಶ್ರಮ ಕೊಡಬಲ್ಲದ್ದು ೬೩. ಆದರೆ ಪರಿಶ್ರಮಕ್ಕೆ ಒಟ್ಟು ೫೧೦ರ ಮಿತಿಯಿರುವುದರಿಂದ ಎರಡು ಗುಣಗಳಿಗಿಂತ ಹೆಚ್ಚಿಗೆ ಪೂರ್ಣವಾಗಿ ಸಾಧಿಸಲಾಗದು. ವಂಶಕ್ಕೆ ಅಂಥ ಮಿತಿಯಿಲ್ಲ, ಆರೂ ಗುಣಗಳಲ್ಲಿ ಪೂರ್ಣನಾಗಿ ಹುಟ್ಟಬಹುದು. ಪರಿಶ್ರಮವನ್ನು ಯಾರು ಬೇಕಾದರೂ ಕೆಲವು ಗಂಟೆಗಳಲ್ಲಿ ಪಡೆಯಬಲ್ಲರು. ಆದ್ದರಿಂದ ಪಂದ್ಯದಲ್ಲಿ ಅದು ಎಲ್ಲರಲ್ಲಿಯೂ ಸಮಾನ. ಉಳಿಯುವ ವ್ಯತ್ಯಾಸ ಹುಟ್ಟಿನದು ಮಾತ್ರ. ಚಿಕ್ಕ ಕಾರಣವು ದೊಡ್ಡದಾಗಿ ಕಾಣುವುದು ದೊಡ್ಡ ಕಾರಣ ಎಲ್ಲರಿಗೂ ಸಮವಾಗಿ ದೊರೆತಾಗ ಎಂಬ ಈ ಸೂಕ್ಷ್ಮವನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ನನಗೆ ದೊರೆತಿಲ್ಲ.

ಇನ್ನೊಂದು ವಿಶೇಷ. ಮೂವತ್ತೊಂದೇ ಯಾವಾಗಲೂ ಉತ್ತಮವಲ್ಲ. ನಿಧಾನವಾದ ಜೀವಿಯೇ ಮೊದಲು ಹೊಡೆಯುವಂತೆ ಕೆಲವು ಸರದಿಗಳವರೆಗೆ ಕ್ರಮವನ್ನು ತಲೆಕೆಳಗು ಮಾಡುವ ಒಂದು ವಿದ್ಯೆ ಆಟದಲ್ಲಿದೆ. ಅದನ್ನು ನೆಚ್ಚಿದವರು ವೇಗದ ಅಂಕಿ ಸೊನ್ನೆಯಾಗಿರುವ ಮರಿಗಾಗಿ ಹಗಲಿರುಳು ಮೊಟ್ಟೆ ಒಡೆಸುತ್ತಾರೆ. ಭ್ರಮೆ ಕವಿದ ಜೀವಿ ತನ್ನ ಆಕ್ರಮಣಬಲದಿಂದಲೇ ತನ್ನನ್ನು ಹೊಡೆದುಕೊಳ್ಳುವುದರಿಂದ, ಆ ಬಲವನ್ನು ಬಳಸದ ಜೀವಿಗಳಲ್ಲಿ ಆಕ್ರಮಣದ ಸೊನ್ನೆಯನ್ನೂ ಬಯಸುತ್ತಾರೆ. ಗುಣವೆಂಬುದು ಉಪಯೋಗವನ್ನು ಅನುಸರಿಸಿದ್ದು. ಮೈಸೂರಿನ ಅಮೃತಮಹಲ್ ತಳಿಯನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡಿತು. ಹೆಸರಿನಲ್ಲಿ ಬೆಣ್ಣೆ ಅಮೃತಗಳಿದ್ದರೂ ಆ ಎತ್ತುಗಳ ಕೀರ್ತಿ ದಂಡಿನ ಸಾಮಗ್ರಿಯನ್ನು ವೇಗವಾಗಿ ಎಳೆಯುವುದರಲ್ಲಿತ್ತು. ಹಾಲಿನ ಅಳತೆಗೋಲಿನಿಂದ ಅಳೆದವರಿಗೆ ಆ ತಳಿ ಕಳಪೆ.

ಈಗ ಸಂತಾನದ ವಿಚಾರ. ೧೯೯೯ರ ನವೆಂಬರ್ ೨೧ರಂದು ಬಂದ 'ಗೋಲ್ಡ್', 'ಸಿಲ್ವರ್' ಆವೃತ್ತಿಗಳಲ್ಲಿ ಮೊತ್ತಮೊದಲಿಗೆ ಜೀವಿಗಳಿಗೆ ಗಂಡು ಹೆಣ್ಣೆಂಬ ಭೇದವೂ ಮೊಟ್ಟೆಯೂ ಬಂದವು. ಗೋಲ್ಡನ್‌ರಾಡ್ ಎಂಬ ನಗರದ ದಕ್ಷಿಣದ ಹಾದಿಯಲ್ಲಿ ಒಬ್ಬ ಮುದುಕನೂ ಮುದುಕಿಯೂ ನಡೆಸುವ ಪಾಲನಾಗೃಹವಿದೆ. ಅಲ್ಲಿ ಹೊಂದಿಕೆಯಾಗುವ ಎರಡು ಜೀವಿಗಳನ್ನು ಬಿಟ್ಟು ತಿರುಗಾಡುತ್ತಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಮೊಟ್ಟೆಯೊಂದು ಸಿಕ್ಕುತ್ತದೆ; ಎಲ್ಲಿಂದ ಬಂತೆಂದು ಮುದುಕನಿಗೂ ತಿಳಿಯದು. ಮರಿ ತಾಯಿಯ ಜಾತಿಗೆ ಸೇರುತ್ತದೆ. ಜಾತಿ ಬೇರೆಯಾದರೂ 'ಮೊಟ್ಟೆಯ ವರ್ಗ' ಒಂದೇ ಆಗಿದ್ದರೆ ಕೂಡಿಕೆ ಸಾಧ್ಯ. ಇದರಿಂದಾಗಿ ಅರವತ್ತು ಸೆಂಟಿಮೀಟರ್ ಎತ್ತರದ ಸ್ಕಿಟ್ಟಿ ಎಂಬ ಬೆಕ್ಕಿಗೂ ಹದಿನಾಲ್ಕೂವರೆ ಮೀಟರ್ ಉದ್ದದ ವೇಲಾರ್ಡ್ ಎಂಬ ತಿಮಿಂಗಿಲಕ್ಕೂ ಸಂಬಂಧ ಕೂಡಿಬರುತ್ತದೆ. ಡಿಟ್ಟೋ ಎಂಬ ರೂಪಾಂತರಿಗಂತೂ ಬಹುಮಟ್ಟಿಗೆ ಎಲ್ಲ ವರ್ಗಗಳೂ ಸರಿಯೇ. ಒಬ್ಬನೇ ಒಡೆಯನ ಎರಡು ಜೀವಿಗಳಿಗಿಂತ ಬೇರೆ ಬೇರೆ ಒಡೆಯರ ಜೀವಿಗಳಿಂದ ಮೊಟ್ಟೆ ಬೇಗ ದೊರೆಯುವಂತೆ ನಿಯಮವಿದೆ. ಹೊರಗಿನಿಂದ ಸಂಬಂಧ ತರುವುದಕ್ಕೆ ಪ್ರೋತ್ಸಾಹವೆನ್ನಬಹುದು.

ಆ ಮೊದಲ ಆವೃತ್ತಿಗಳಲ್ಲಿ ಮರಿಗೆ ಎರಡು ಅಂಕಿಗಳು ಮಾತ್ರ ವಂಶದಿಂದ ಬರುತ್ತಿದ್ದವು: ರಕ್ಷಣೆಯದು ತನಗಿಂತ ಭಿನ್ನಲಿಂಗದ ಜನಕನಿಂದ ಯಥಾವತ್ತಾಗಿ, 'ವಿಶೇಷ'ದ್ದು ಅದೇ ಆಗಿ ಇಲ್ಲವೇ ಎಂಟರ ಅಂತರದಲ್ಲಿ. ಇನ್ನೂ ಒಂದು ನಿಯಮವಿತ್ತು. ರಕ್ತಸಂಬಂಧಿಗಳು ಕೂಡಲಾಗದು. ಆದರೆ ಯಾರು ಯಾರಿಗೆ ಏನಾಗಬೇಕೆಂಬ ದಾಖಲೆ ಯಂತ್ರದಲ್ಲಿ ಇರಲಿಲ್ಲ. ಹಾಗಾಗಿ ಎರಡರ ರಕ್ಷಣೆಯ ಅಂಕಿ ಒಂದೇ ಆಗಿದ್ದು 'ವಿಶೇಷ'ದ ಅಂಕಿ ಸಮವಾಗಿಯೋ ಎಂಟರ ಅಂತರದಲ್ಲಿಯೋ ಇದ್ದರೆ ಅವು ಬಂಧುಗಳೆಂದು ಆಟವೇ ತೀರ್ಮಾನಿಸಿಬಿಡುತ್ತಿತ್ತು. ಮುಖಲಕ್ಷಣ ನೋಡಿ ಗೋತ್ರವನ್ನು ಹೇಳಿದಂತೆ! ಈ ಪದ್ಧತಿಯಲ್ಲಿ ಯಾವ ಸಂಬಂಧವೂ ಇಲ್ಲದ ಎರಡು ಜೀವಿಗಳು ೧೨೮ರಲ್ಲಿ ಒಂದು ಸಲ ಬಂಧುಗಳೆನಿಸಿ ದೂರವಾಗಬೇಕಿತ್ತು. ೨೦೦೨ರಲ್ಲಿ ಈ ನಿಷೇಧವನ್ನು ತೆಗೆದುಹಾಕಿದರು. ಅಲ್ಲಿಂದ ಮುಂದೆ ತಾಯಿ ಮಗನೆಂಬ ಎಣಿಕೆಯಿಲ್ಲ. ಬೇಕ್‌ವೆಲ್ಲನೂ ತನ್ನ ಕುರಿಗಳಲ್ಲಿ ಸಮೀಪಬಂಧುಗಳನ್ನೇ ಕೂಡಿಸಿ ತಳಿಯನ್ನು ಸ್ಥಿರಗೊಳಿಸಿದವನು. ಆದರೆ ನಿಜವಾದ ಪಶುಗಳಲ್ಲಿ ಅದಕ್ಕೆ ತೆರಬೇಕಾದ ಬೆಲೆಯಿದೆ. ದೌರ್ಬಲ್ಯ, ಬಂಜೆತನ, ಅಡಗಿದ್ದ ದೋಷಗಳು ಹೊರಬೀಳುತ್ತವೆ. ಆಟದಲ್ಲಿ ಆ ಬೆಲೆಯನ್ನು ಯಾರೂ ತೆರುವುದಿಲ್ಲ.

೨೦೦೨ರಿಂದ ತಾಯಿತಂದೆಗಳ ಹನ್ನೆರಡು ಅಂಕಿಗಳಲ್ಲಿ ಹೆಚ್ಚೆಂದರೆ ಮೂರು ಮರಿಗೆ ಇಳಿಯುತ್ತಿದ್ದವು, ಉಳಿದವು ಅದೃಷ್ಟಾಧೀನ. ಮುಂದಿನ ಹತ್ತು ವರ್ಷಗಳ ಚರಿತ್ರೆ ಈ ಅದೃಷ್ಟದ ಪಾಲನ್ನು ಕ್ರಮೇಣ ಕುಗ್ಗಿಸಿದ ಚರಿತ್ರೆ. ೨೦೦೪ರ 'ಎಮರಾಲ್ಡ್' ಆವೃತ್ತಿಯಲ್ಲಿ, ಜಪಾನೀಯರು 'ಬದಲಾಗದ ಕಲ್ಲು' ಎನ್ನುವ ವಸ್ತುವನ್ನು ತಾಯಿಗೆ ಕೊಟ್ಟರೆ ಅದರ ಸ್ವಭಾವ ಅರ್ಧ ಸಲ ಮರಿಗೆ ಬರುವಂತಾಯಿತು. ೨೦೦೯ರಲ್ಲಿ ಬೇಕಾದ ಒಂದು ಗುಣ ತಪ್ಪದೆ ಇಳಿಯುವಂತೆ ಮಾಡುವ ಸಾಧನಗಳು ಬಂದವು. ೨೦೧೩ರ ಅಕ್ಟೋಬರ್ ೧೨ರಂದು ಜಗತ್ತಿನಾದ್ಯಂತ ಒಂದೇ ದಿನ ಬಿಡುಗಡೆಯಾದ 'ಎಕ್ಸ್', 'ವೈ' ಆವೃತ್ತಿಗಳಲ್ಲಿ ನಿಜವಾದ ಕ್ರಾಂತಿ ನಡೆಯಿತು. ಇಂಗ್ಲಿಷಿನವರು 'ವಿಧಿಯ ಗಂಟು' ಎಂದು ಕರೆದ, ಜಪಾನೀ ಭಾಷೆಯಲ್ಲಿ 'ಕೆಂಪು ದಾರ' ಎಂಬ ಹೆಸರಿನ ವಸ್ತುವನ್ನು ಜನಕರಲ್ಲಿ ಒಂದಕ್ಕೆ ತೊಡಿಸಿದರೆ ಮೂರಲ್ಲ, ಐದು ಅಂಕಿಗಳು ವಂಶದಿಂದ ಬರತೊಡಗಿದವು. ಕೂಡಬೇಕಾದ ಗಂಡುಹೆಣ್ಣುಗಳನ್ನು ಕಾಣದ ಕೆಂಪು ದಾರವೊಂದು ಬಂಧಿಸಿರುತ್ತದೆಂಬುದು ಪೂರ್ವ ಏಷ್ಯದ ಜನಪದ ನಂಬಿಕೆ. ಅದನ್ನು ಇಲ್ಲಿ ಲೆಕ್ಕಾಚಾರದ ಸಾಧನವಾಗಿ ಮಾರ್ಪಡಿಸಿದ್ದಾರೆ.

ಈ ಬದಲಾವಣೆಯ ಪ್ರಮಾಣವನ್ನು ಅಂಕಿಗಳಿಂದಲೇ ಅರಿಯಬೇಕು. ಯಾವ ನೆರವೂ ಇಲ್ಲದೆ ಹುಟ್ಟಿದ ಜೀವಿಯ ಆರು ಅಂಕಿಗಳೂ ೩೧ ಆಗಿರುವ ಸಂಭವ ೧,೦೭,೩೭,೪೧,೮೨೪ರಲ್ಲಿ ಒಂದು. ಜನಕರಿಬ್ಬರೂ ಪೂರ್ಣರಾಗಿದ್ದು ಮೂರು ಅಂಕಿಗಳು ವಂಶದಿಂದ ಬಂದರೆ ಉಳಿದ ಮೂರಕ್ಕೆ ೩೨,೭೬೮ರಲ್ಲಿ ಒಂದು. ಕೆಂಪು ದಾರವಿದ್ದರೆ ೩೨ರಲ್ಲಿ ಒಂದು. ಅಂಥ ಜನಕರು ಎಲ್ಲಿಂದ ಬರಬೇಕು ಎಂದು ಕೇಳಬಹುದು. ಒಂದೆರಡು ಗುಣಗಳಲ್ಲಿ ಪೂರ್ಣವಾದವುಗಳಿಂದ ತೊಡಗಿ, ಮರಿಗಳಲ್ಲಿ ಉತ್ತಮವಾದದ್ದನ್ನು ಜನಕನ ಸ್ಥಾನಕ್ಕೆ ತಂದು, ತಲೆಮಾರಿನಿಂದ ತಲೆಮಾರಿಗೆ ಏರಬೇಕು. ಒಂದೇ ಐದು ಗುಣಗಳಲ್ಲಿ ಪೂರ್ಣವಾದ ಜೋಡಿ ದೊರೆತ ಮೇಲೆ, ಸುಮಾರು ಐದು ಮೊಟ್ಟೆಗೆ ಒಂದರಂತೆ ಅಂಥದೇ ಮರಿ ಹುಟ್ಟುತ್ತದೆ. ಶುದ್ಧ ತಳಿ ಎನ್ನುವುದಕ್ಕೆ ಈ ಆಟದಲ್ಲಿ ಇರುವ ಅರ್ಥ ಇಷ್ಟೇ.

ಮೊಟ್ಟೆಯೊಡೆಯಲು ನಡೆಯಬೇಕು. ಮ್ಯಾಜಿಕಾರ್ಪ್ ಎಂಬ ಮೀನಿಗೆ ಸುಮಾರು ೧,೩೦೦ ಹೆಜ್ಜೆ ಸಾಕು. ಡ್ರಟೀನಿ ಎಂಬ ಎಳೆಯ ಸರ್ಪಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ. ಮೈಯಲ್ಲಿ ಬೆಂಕಿಯುಳ್ಳ ಜೀವಿಯೊಂದು ಜೊತೆಗಿದ್ದರೆ ಅರ್ಧಕ್ಕೆ ಇಳಿಯುತ್ತದೆ. ಆಟಗಾರರು ತಿರುವಿಲ್ಲದ ಉದ್ದನೆಯ ಹಾದಿಯೊಂದನ್ನು ಆರಿಸಿಕೊಂಡು ಬೈಸಿಕಲ್ಲಿನ ಮೇಲೆ ಅತ್ತಿಂದಿತ್ತ ಗಂಟೆಗಟ್ಟಲೆ ಓಡಾಡುತ್ತಿದ್ದರು. ಜಪಾನಿನಲ್ಲಿ ಅಂಥ ಹಾದಿಗೆ 'ಹೈಜಿನ್ ರೋಡ್' ಎಂಬ ಹೆಸರು ಬಿದ್ದಿತು. ಹೈಜಿನ್ ಎಂದರೆ ಬಾಳು ಹಾಳಾದವನು. ತಮ್ಮನ್ನು ತಾವೇ ಹೀಗೆ ಹಾಸ್ಯ ಮಾಡಿಕೊಂಡರೂ ಕೆಲಸವನ್ನು ಬಿಡಲಿಲ್ಲ. ಅಂಕಿಗಳು ತೆರೆಯ ಮೇಲೆ ಕಾಣದಿದ್ದ ಆ ಕಾಲದಲ್ಲಿ, ಕಾಣುವ ಬಲಾಬಲಗಳಿಂದ ಸೂತ್ರವನ್ನು ಹಿಂದುಮುಂದಾಗಿಸಿ ಗುಪ್ತ ಅಂಕಿಯನ್ನು ಊಹಿಸುತ್ತಿದ್ದರು. ಮೌಲ್ಯವನ್ನು ನೋಡಿ ಹೇಳುವ ಪಾತ್ರವೊಂದನ್ನು ನಿರ್ಮಾಪಕರು ಅನಂತರ ಸೇರಿಸಿದರು. ೨೦೧೬ರ 'ಸನ್', 'ಮೂನ್' ಆವೃತ್ತಿಗಳಲ್ಲಿ ಆರೂ ಗುಣಗಳ ಅಂದಾಜು ಚಿತ್ರರೂಪದಲ್ಲಿ ಆಟಗಾರನ ಕಣ್ಣಿಗೇ ಬಿದ್ದಿತು.

ಇಷ್ಟು ವಿವರಿಸಿದ ಮೇಲೆ, ಇದು ಎಂಥ ಆನುವಂಶಿಕತೆ ಎಂಬುದನ್ನು ವಿಚಾರಿಸಬಹುದು. ಮೆಂಡೆಲನ ನಿಯಮದಲ್ಲಿ ಪ್ರತಿ ಗುಣಕ್ಕೂ ಜೀವಿಯಲ್ಲಿ ಎರಡು ಅಂಶಗಳಿರುತ್ತವೆ. ಒಂದು ತೋರುತ್ತದೆ, ಇನ್ನೊಂದು ಅಡಗಿರಬಹುದು, ಅಡಗಿದ್ದು ಮೊಮ್ಮಕ್ಕಳಲ್ಲಿ ಹೊರಬರಬಹುದು. ಈ ಆಟದ ಜೀವಿಯಲ್ಲಿ ಪ್ರತಿ ಗುಣಕ್ಕೂ ಒಂದೇ ಅಂಕಿ. ಅಡಗಿದ್ದೆಂಬುದೇ ಇಲ್ಲ. ತಾಯಿಯ ವೇಗ ಮರಿಗೆ ಇಳಿಯಲಿಲ್ಲವಾದರೆ ಆ ಸಂತತಿಯಲ್ಲಿ ಅದು ಶಾಶ್ವತವಾಗಿ ಹೋಯಿತು; ಅಜ್ಜಿಯನ್ನು ಮೊಮ್ಮಗಳು ಹೋಲುವ ಸಂಭವ ನಡುವಿನ ತಲೆಮಾರಿನ ಮೂಲಕವಲ್ಲದೆ ಬೇರೆ ದಾರಿಯಿಂದ ಇಲ್ಲ. ಇದರಿಂದ ಹೊರಡುವ ಒಂದು ಪರಿಣಾಮ ಇತಿಹಾಸದ ವಿದ್ಯಾರ್ಥಿಗೆ ತುಂಬ ಮುಖ್ಯವಾದುದು. ಇಂಗ್ಲೆಂಡಿನ ಕುದುರೆಗಳ ವಂಶಾವಳಿಯ ಗ್ರಂಥ ೧೭೯೧ರಲ್ಲಿ ಹೊರಟಿತು. ಷಾರ್ಟ್‌ಹಾರ್ನ್ ದನಗಳಿಗೆ ೧೮೨೨ರಲ್ಲಿ. ನಿಜವಾದ ಪಶುಪಾಲಕನು ವಂಶಾವಳಿಯನ್ನು ಬರೆದಿಟ್ಟದ್ದು ಏಕೆಂದರೆ, ಎದುರಿಗೆ ನಿಂತ ಪಶುವನ್ನು ನೋಡಿದರೆ ಅದರೊಳಗೆ ಏನಿದೆಯೆಂಬುದು ಪೂರ್ತಿಯಾಗಿ ತಿಳಿಯುವುದಿಲ್ಲ. ಅಡಗಿದ್ದನ್ನು ಊಹಿಸಲು ಹಿರಿಯರ ಹೆಸರುಗಳು ಬೇಕು. ಪೋಕೆಮಾನಿನ ತಳಿಸಾಧಕನಿಗೆ ಅದು ಬೇಡ. ಆರು ಅಂಕಿಗಳೇ ಸರ್ವಸ್ವ. ಆದಕಾರಣ, ಇಷ್ಟೊಂದು ತಲೆಮಾರುಗಳು ಹುಟ್ಟಿ ಅಳಿದ ಈ ಲೋಕದಲ್ಲಿ ಒಂದೇ ಒಂದು ವಂಶವೃಕ್ಷವೂ ಉಳಿದಿಲ್ಲ. ಪ್ರತಿ ಜೀವಿಯ ದಾಖಲೆಯಲ್ಲಿ ಮೊದಲ ಒಡೆಯನ ಹೆಸರಿದೆ. ಈಚಿನವುಗಳಲ್ಲಿ ಮೊಟ್ಟೆ ದೊರೆತ ದಿನವೂ ಒಡೆದ ದಿನವೂ ಇವೆ. ತಾಯಿತಂದೆಗಳು ಯಾರೆಂದು ಇಲ್ಲ.

ಅಂಕಿಗಳು ಹೀಗಾದರೆ, ವಿದ್ಯೆಗಳ ವಿಚಾರದಲ್ಲಿ ಆಟ ಮತ್ತೊಂದು ಸಿದ್ಧಾಂತವನ್ನು ಹಿಡಿಯುತ್ತದೆ. ೧೯೯೯ರ ಆವೃತ್ತಿಗಳಿಂದಲೇ ತಂದೆ ಕಲಿತ ಕೆಲವು ವರಸೆಗಳು ಮರಿಗೆ ಹುಟ್ಟಿನಿಂದಲೇ ಬರುತ್ತವೆ. ಆರ್ಜಿತ ಗುಣಗಳು ಸಂತಾನಕ್ಕೆ ಇಳಿಯುತ್ತವೆಂಬ, ೧೮೦೯ರಲ್ಲಿ ಲಾಮಾರ್ಕನು ಪ್ರತಿಪಾದಿಸಿದ, ಇಂದು ಆ ರೂಪದಲ್ಲಿ ವಿಜ್ಞಾನ ಒಪ್ಪದ ಮತ ಇಲ್ಲಿ ಜೀವಂತವಾಗಿದೆ. ವಿಚಿತ್ರವೆಂದರೆ ಅದೇ ತಂದೆಯ ಪರಿಶ್ರಮಮೌಲ್ಯ ಮರಿಗೆ ಇಳಿಯುವುದಿಲ್ಲ. ವಿದ್ಯೆ ಇಳಿಯುತ್ತದೆ, ಮೈಕಟ್ಟು ಇಳಿಯುವುದಿಲ್ಲ. ಒಂದೇ ಮೊಟ್ಟೆಯೊಳಗೆ ಎರಡು ಪರಸ್ಪರ ವಿರುದ್ಧ ಶಾಸ್ತ್ರಗಳು ಜಗಳವಿಲ್ಲದೆ ಇವೆ. ಆಟದಲ್ಲಿ ನುರಿತ ವಿದ್ಯಾರ್ಥಿಗೆ ಜೀವಶಾಸ್ತ್ರದ ಅಧ್ಯಾಪಕರು ಮೊದಲು ಬಿಡಿಸಬೇಕಾದ ಗಂಟು ಇದೇ ಎಂದು ನನ್ನ ಅಭಿಪ್ರಾಯ.

ಬೇಡವಾದ ಮರಿಗಳ ಗತಿ ಏನು? ಒಂದು ಪೆಟ್ಟಿಗೆಯಲ್ಲಿ ಮೂವತ್ತು ಜೀವಿಗಳಿರಬಹುದು. ಪೆಟ್ಟಿಗೆ ತುಂಬಿದಂತೆ ಅವುಗಳನ್ನು 'ಬಿಟ್ಟುಬಿಡುತ್ತಾರೆ'. ಬಿಟ್ಟದ್ದು ಮತ್ತೆಲ್ಲಿಯೂ ಕಾಣುವುದಿಲ್ಲ. ಈ ಆರಿಸುವ ಕೆಲಸಕ್ಕೆ ಜಪಾನಿನಲ್ಲಿ 'ಗೆನ್ಸೆನ್', ಎಂದರೆ ಕಟ್ಟುನಿಟ್ಟಿನ ಆಯ್ಕೆ, ಎಂಬ ಹೆಸರಿದೆ. ಇಲ್ಲದ ಜೀವಿಗೆ ನೋವಿಲ್ಲ. ಆ ಬಗ್ಗೆ ಕಣ್ಣೀರಿಡುವುದು ಅನಾವಶ್ಯಕ. ಆದರೆ ಹುಟ್ಟಿದ ಕ್ಷಣದಲ್ಲಿ ಅಂಕಿಯನ್ನು ಓದಿ ಇಡತಕ್ಕದ್ದು ಬಿಡತಕ್ಕದ್ದು ಎಂದು ವಿಂಗಡಿಸುವ ಯೋಚನೆಗೆ ಆಟದ ಹೊರಗೆ ಒಂದು ಚರಿತ್ರೆಯಿದೆ. ಫ್ರಾನ್ಸಿಸ್ ಗಾಲ್ಟನ್ನನು ೧೮೮೩ರಲ್ಲಿ ಸುಸಂತಾನಶಾಸ್ತ್ರಕ್ಕೆ ಹೆಸರಿಟ್ಟನು. ೧೯೦೭ರಲ್ಲಿ ಅಮೆರಿಕದ ಇಂಡಿಯಾನ ಸಂಸ್ಥಾನ, ೧೯೩೩ರಲ್ಲಿ ಜರ್ಮನಿ, 'ಅಯೋಗ್ಯ'ರೆನಿಸಿದವರಿಗೆ ಬಲವಂತವಾಗಿ ಸಂತಾನಹರಣದ ಶಸ್ತ್ರಕ್ರಿಯೆ ಮಾಡುವ ಕಾನೂನುಗಳನ್ನು ತಂದವು. ಜಪಾನಿನಲ್ಲಿ ೧೯೪೮ರ ಸುಸಂತಾನ ರಕ್ಷಣಾ ಶಾಸನ ೧೯೯೬ರವರೆಗೆ ಜಾರಿಯಲ್ಲಿತ್ತು. ಅದರಡಿಯಲ್ಲಿ ಸುಮಾರು ೧೬,೫೦೦ ಮಂದಿಗೆ ಒಪ್ಪಿಗೆಯಿಲ್ಲದೆ ಶಸ್ತ್ರಕ್ರಿಯೆ ನಡೆಯಿತು. ಆ ಶಾಸನ ಸಂವಿಧಾನವಿರುದ್ಧವಾಗಿತ್ತೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ೨೦೨೪ರ ಜುಲೈಯಲ್ಲಿ ತೀರ್ಪಿತ್ತಿತು. ಶಾಸನ ರದ್ದಾದ ವರ್ಷ ಮತ್ತು ಆಟ ಹುಟ್ಟಿದ ವರ್ಷ ಒಂದೇ ಆದದ್ದು ಕಾಕತಾಳೀಯ; ಒಂದಕ್ಕೂ ಇನ್ನೊಂದಕ್ಕೂ ಕಾರ್ಯಕಾರಣ ಸಂಬಂಧವನ್ನು ಹುಡುಕುವುದು ಇತಿಹಾಸವಾಗದು. ಗಮನಿಸಬೇಕಾದ ಭೇದವಿಷ್ಟು: ಮನುಷ್ಯರ ಯೋಗ್ಯತೆ ಒಂದು ಅಂಕಿಯಲ್ಲಿ ಅಡಗಿದೆಯೆಂದು ಆ ಶಾಸನಗಳನ್ನು ಬರೆದವರು ಕಲ್ಪಿಸಿಕೊಂಡರು, ಅಂಥ ಅಂಕಿ ಎಲ್ಲಿಯೂ ಇರಲಿಲ್ಲ, ಆಟದಲ್ಲಿ ಅಂಕಿ ನಿಜವಾಗಿಯೂ ಇದೆ, ಏಕೆಂದರೆ ಅದನ್ನು ಬರೆದಿಟ್ಟವರಿದ್ದಾರೆ.

೨೦೧೬ರಿಂದ ಈಚೆಗೆ ನಿರ್ಮಾಪಕರೇ ಹುಟ್ಟಿನ ಪ್ರಭಾವವನ್ನು ಸಡಿಲಿಸುತ್ತ ಬಂದಿದ್ದಾರೆ. 'ಸನ್', 'ಮೂನ್' ಆವೃತ್ತಿಗಳಲ್ಲಿ ನೂರನೆಯ ಮಟ್ಟ ತಲುಪಿದ ಜೀವಿಗೆ ಬೆಳ್ಳಿಯ ಬಿರಡೆಯೊಂದನ್ನು ವ್ಯಯಿಸಿ ಒಂದು ಗುಣವನ್ನು, ಚಿನ್ನದ್ದನ್ನು ವ್ಯಯಿಸಿ ಆರೂ ಗುಣಗಳನ್ನು, ೩೧ಕ್ಕೆ ಸಮನಾಗಿಸಬಹುದಾಯಿತು. ೨೦೧೯ರ 'ಸೋರ್ಡ್', 'ಷೀಲ್ಡ್' ಆವೃತ್ತಿಗಳಲ್ಲಿ ಪುದೀನದಂಥ ಎಲೆಯೊಂದನ್ನು ತಿನ್ನಿಸಿ ಸ್ವಭಾವದ ಪರಿಣಾಮವನ್ನು ಬದಲಿಸಬಹುದಾಯಿತು. ೨೦೨೨ರ ನವೆಂಬರಿನಲ್ಲಿ ಬಂದ 'ಸ್ಕಾರ್ಲೆಟ್', 'ವಯೊಲೆಟ್' ಆವೃತ್ತಿಗಳಲ್ಲಿ ಬಿರಡೆಯ ಉಪಯೋಗಕ್ಕೆ ಐವತ್ತನೆಯ ಮಟ್ಟವೇ ಸಾಕಾಯಿತು. ಮುದುಕ ಮುದುಕಿಯರ ಪಾಲನಾಗೃಹ ಹೋಗಿ, ವನಭೋಜನಕ್ಕೆ ಕುಳಿತಾಗ ಬುಟ್ಟಿಯಲ್ಲಿ ಮೊಟ್ಟೆ ಸಿಗುವ ಪದ್ಧತಿ ಬಂದಿತು. ಆದರೆ ಈ ಸುಧಾರಣೆಗಳಲ್ಲಿ ಒಂದು ಕೊಂಕಿದೆ. ಬಿರಡೆಯಿಂದ ಬಲ ಹೆಚ್ಚಿದರೂ ಮೂಲದ ಅಂಕಿ ದಾಖಲೆಯಲ್ಲಿ ಹಾಗೆಯೇ ಇರುತ್ತದೆ, ಸಂತಾನಕ್ಕೆ ಇಳಿಯುವುದು ಅದೇ. ಎಲೆ ತಿಂದ ಜೀವಿಯ ಸ್ವಭಾವದ ಹೆಸರೂ ಹಳೆಯದೇ. ಪಂದ್ಯದ ಅಂಗಳದಲ್ಲಿ ಎಲ್ಲರೂ ಸಮಾನರು. ಪಾಲನೆಯ ಮನೆಯಲ್ಲಿ ಹುಟ್ಟು ಇನ್ನೂ ಹುಟ್ಟೇ. ಬಿರಡೆ ಏರಿಸಬಲ್ಲದು, ಇಳಿಸಲಾರದು. ಆದ್ದರಿಂದ ಸೊನ್ನೆಯನ್ನು ಬಯಸುವವರು ಆ ಆವೃತ್ತಿಗಳಲ್ಲಿಯೂ ಮೊಟ್ಟೆಯನ್ನೇ ನೆಚ್ಚಬೇಕಿತ್ತು.

ಶ್ರಮ ಎಲ್ಲಿ ಹೆಚ್ಚೋ ಅಲ್ಲಿ ನಕಲಿ ಹುಟ್ಟುತ್ತದೆ. ಬೇಕಾದ ಅಂಕಿಗಳನ್ನು ನೇರವಾಗಿ ಬರೆದು ಜೀವಿಯನ್ನು ಸೃಷ್ಟಿಸುವ ಉಪಾಯಗಳು ಬಹುಕಾಲದಿಂದ ಬಳಕೆಯಲ್ಲಿವೆ. ೨೦೨೩ರ ಆಗಸ್ಟಿನಲ್ಲಿ ಯೊಕೊಹಾಮ ನಗರದಲ್ಲಿ ನಡೆದ ವಿಶ್ವ ಪಂದ್ಯಾವಳಿಯಲ್ಲಿ ಇಂಥ ಜೀವಿಗಳನ್ನು ತಂದರೆಂಬ ಕಾರಣದಿಂದ ಹಲವು ಸ್ಪರ್ಧಿಗಳನ್ನು ಹೊರಗಿಟ್ಟರು. ಆಟಗಾರರಲ್ಲಿ ಆಗ ದೊಡ್ಡ ಚರ್ಚೆಯೆದ್ದಿತು. ಒಂದು ಪಕ್ಷದವರ ವಾದ ಹೀಗಿತ್ತು: ಹತ್ತಾರು ಗಂಟೆ ದುಡಿದು ಪಡೆದ ಜೀವಿಗೂ ಕ್ಷಣದಲ್ಲಿ ಬರೆದ ಜೀವಿಗೂ ಅಂಕಿ ಅಂಕಿಗೆ ಯಾವ ಭೇದವೂ ಇಲ್ಲದಿರುವಾಗ, ಬಿಡುವುಳ್ಳವನಿಗೆ ಮಾತ್ರ ಅನುಕೂಲವಾದ ನಿಯಮ ನ್ಯಾಯವೇ? ಇನ್ನೊಂದು ಪಕ್ಷದವರು, ಬಂದ ದಾರಿ ಬೇರೆಯಾದರೆ ವಸ್ತುವೂ ಬೇರೆಯೇ ಎಂದರು. ನನ್ನ ಒಲವು ಎರಡನೆಯ ಪಕ್ಷದ ಕಡೆಗೆ; ಬಹುಶಃ ವೃತ್ತಿಯ ದೋಷವಿರಬೇಕು. ಆದರೆ ಮೊದಲನೆಯ ಪಕ್ಷದ ದೂರಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ.

ನಕಲಿಯನ್ನು ಪತ್ತೆ ಮಾಡುವ ವಿಧಾನ ನಮ್ಮವರಿಗೆ ಹೊಸದಲ್ಲ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು, ರೈಸರು ಅವುಗಳ ಪರವಾಗಿ ನಿಂತರು. ಆ ವಾದ ನಡೆದದ್ದು ಲಿಪಿಗೂ ಕಾಲಕ್ಕೂ ಹೊಂದಿಕೆಯಿದೆಯೇ, ತೇದಿ ಪಂಚಾಂಗಕ್ಕೆ ಸರಿಹೋಗುತ್ತದೆಯೇ ಎಂಬ ಪ್ರಶ್ನೆಗಳ ಮೇಲೆ. ಇಲ್ಲಿಯೂ ಅಷ್ಟೆ. ಈ ಜಾತಿ ಆ ಸ್ಥಳದಲ್ಲಿ ದೊರೆಯುವುದುಂಟೇ, ಈ ವರಸೆಯನ್ನು ಅದು ಕಲಿಯಬಲ್ಲದೇ, ಅದನ್ನು ಇರಿಸಿದ ಚೆಂಡು ಆ ಆವೃತ್ತಿಯಲ್ಲಿ ಇತ್ತೇ ಎಂದು ನೋಡುತ್ತಾರೆ. ಪರಸ್ಪರ ವಿರೋಧ ಕಂಡುಬಂದರೆ ಕೂಟವೆಂದು ನಿರ್ಣಯ. ವಿರೋಧವೇ ಇಲ್ಲದಂತೆ ಎಚ್ಚರದಿಂದ ಬರೆದದ್ದು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ತಾಯಿತಂದೆಗಳನ್ನು ಸಾಕ್ಷಿಗೆ ಕರೆಯೋಣವೆಂದರೆ ಆ ದಾಖಲೆಯಲ್ಲಿ ಅವರ ಹೆಸರಿಗೆ ಅಂಕಣವೇ ಇಲ್ಲ.